ಬೆಳಿಗ್ಗೆ ಬರ್ರಿ ಅಂದಿದ್ದರು

ಮೊನ್ನೆ ಹಳೆಯ ಮೆಗ್ಗರಿನ ಪೆಟ್ಟಿಗೆ ತೆರೆದೆ. ಹಳಸಿದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ವೈರಿನ ಮೇಲಿನ ಹೊದಿಕೆ ಗಟ್ಟಿಯಿದೆಯೋ, ಎಲ್ಲಾದರೂ ಕರೆಂಟು ಸೋರುತ್ತಿದೆಯೋ ಎಂದು ಹಿಡಿಕೆ ತಿರುಗಿಸಿ ನೋಡುವ ಯಂತ್ರ ಅದು. ಹೊಸಪೇಟೆಯಲ್ಲಿ ವೈರಿಂಗ್ ಕೆಲಸ ಹಿಡಿದ ಹೊಸತರಲ್ಲಿ ಕೊಂಡಿದ್ದೆ. ಆ ವಾಸನೆಯ ಹಿಂದೆಯೇ ಹಿಂದಿನ ಓಣಿಯ ಅಕ್ಕ ನೆನಪಾದರು...

ಅಕ್ಕನ ತವರು ಬಂಡ್ರಿ. ಗಂಡ ಯಶವಂತನಗರದ ಗಣಿಯ ಬಸ್ಸಿನ ಡ್ರೈವರ್, ನಸುಕಿನಲ್ಲೇ ಹೊರಟುಬಿಡುತ್ತಿದ್ದರು. ಮಕ್ಕಳಿರಲಿಲ್ಲ. ಒಂದು ದಿನ ಅಕ್ಕ ನಮ್ಮ ಬಾಗಿಲಿಗೆ ಬಂದು, "ಅಡಿಗಿ ಮನಿ ನಳ ಮುಟ್ಟಿದ್ರ ಕೈ ಜುಂ ಅಂತೈತ್ರಿ. ದಿನಾ ಅಲ್ಲ, ಒಮ್ಮೊಮ್ಮೆ. ಬೆಳಿಗ್ಗೆ ಬರ್ರಿ" ಅಂದರು.

ಬೆಳಿಗ್ಗೆ ನನಗೆ ಕಮಲಾಪುರದಲ್ಲಿ ಕೆಲಸವಿತ್ತು. ಮಧ್ಯಾಹ್ನ ಹೋದೆ. ನಳಕ್ಕೆ ಹಚ್ಚಿದ ಟೆಸ್ಟರಿನ ದೀಪ ಹತ್ತಲಿಲ್ಲ. ಇನ್ನೊಂದು ಮಧ್ಯಾಹ್ನ ಮೆಗ್ಗರ್ ಒಯ್ದು ಲೈನು ಲೈನೂ ಬಿಚ್ಚಿ ನೋಡಿದೆ. ಮುಳ್ಳು ಎಲ್ಲಿಯೂ ಕೆಳಗಿಳಿಯಲಿಲ್ಲ, ಅಂದರೆ ಸೋರಿಕೆಯಿಲ್ಲ. ಅಕ್ಕ ಪಕ್ಕದಲ್ಲೇ ನಿಂತು, "ಈಗ ಇರಂಗಿಲ್ರಿ ಅದು. ಬೆಳಿಗ್ಗೆ ಇರ್ತೈತಿ" ಎನ್ನುತ್ತಲೇ ಇದ್ದರು. ಮೂರನೆಯ ಸಲವೂ ನಾನು ಹೋದದ್ದು ಮಧ್ಯಾಹ್ನವೇ. ಆ ದಿನ ಅವರ ಗಂಡ ಮನೆಯಲ್ಲಿದ್ದರು. ಅವರ ಎದುರಿಗೇ ಹೇಳಿದೆ: "ಲೈನು ಕ್ಲೀನ್ ಐತ್ರಿ. ಅಕ್ಕಾರಿಗೆ ಹಂಗ ಅನಸ್ತಿರಬೇಕು."

ಅಷ್ಟೇ ಹೇಳಿದ್ದು ನಾನು. ಅಕ್ಕ ನನ್ನ ಮುಖ ನೋಡಿ ಒಳಗೆ ಹೋದರು.

ಆಮೇಲೆ ಅವರು ನಳ ಮುಟ್ಟುವುದನ್ನೇ ಬಿಟ್ಟರು. ಬೀದಿಯ ಬೋರಿನಿಂದ ಕೊಡ ಹೊತ್ತು ತರುತ್ತಿದ್ದರು. ಓಣಿಯವರು ಮೊದಮೊದಲು ನಕ್ಕರು, ಬರಬರುತ್ತ ಅವರ ಮನೆಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದರು. ಗಂಡ ಕೆಟ್ಟವರಲ್ಲ. ಬಳ್ಳಾರಿಗೆ ಕರೆದೊಯ್ದು ಮನೋರೋಗದ ಡಾಕ್ಟರಿಗೆ ತೋರಿಸಿದರು. "ವೈರ್‌ಮನ್ ಮೂರು ಸಲ ನೋಡ್ಯಾನ, ಏನೂ ಇಲ್ಲ" ಎಂದು ಅಲ್ಲಿಯೂ ಹೇಳಿದರಂತೆ. ಗುಳಿಗೆ ಶುರುವಾದವು. ಅಕ್ಕನ ನಡಿಗೆ ನಿಧಾನವಾಯಿತು, ಮಾತು ತಡವರಿಸಿತು. ವರ್ಷ ತುಂಬುವುದರೊಳಗೆ ಅವರ ಅಣ್ಣ ಬಂದು ಬಂಡ್ರಿಗೆ ಕರೆದುಕೊಂಡು ಹೋದರು.

ಮರುವರ್ಷ ಗಂಡ ಕಾಲು ಉಳುಕಿ ರಜೆ ಹಾಕಿ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ಅವರ ಕೂಗು ಕೇಳಿ ಓಡಿದೆ. ಅಡುಗೆಮನೆಯ ಮೂಲೆಯಲ್ಲಿ ಬಿದ್ದಿದ್ದರು. ನಳದ ಶಾಕು ಅವರನ್ನು ಎತ್ತಿ ಒಗೆದಿತ್ತು. ಮೇನ್ ಆರಿಸಿ ಗೋಡೆ ಮುಟ್ಟಿದರೆ ತೊಯ್ದು ತೊಪ್ಪೆಯಾಗಿತ್ತು. ಬೆಳಗಿನ ನೀರು ಬಂದಾಗ ಮೇಲಿನ ಟ್ಯಾಂಕ್ ತುಂಬಿ ಚೆಲ್ಲಿ, ಆ ಗೋಡೆಯೊಳಗೇ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮೂರಿನ ಬಿಸಿಲಿಗೆ ಒಣಗಿಬಿಡುತ್ತಿತ್ತು. ಮೆಗ್ಗರ್ ಹಚ್ಚಿದೆ. ಮುಳ್ಳು ಸೊನ್ನೆಗೆ ಬಿತ್ತು. ಗಾರೆ ಒಡೆದು ನೋಡಿದರೆ, ನಳದ ಕಬ್ಬಿಣದ ಪೈಪಿಗೆ ತಾಗಿಕೊಂಡು ಹೋದ ವೈರಿನ ಹೊದಿಕೆ ಉಗುರಿನಷ್ಟು ಬಿರಿದು ಕಪ್ಪಾಗಿತ್ತು.

ಮರುದಿನ ಇಬ್ಬರೂ ಬಂಡ್ರಿಗೆ ಹೋದೆವು. ಅಕ್ಕ ಪಡಸಾಲೆಯಲ್ಲಿ ಕುಳಿತಿದ್ದರು, ಪಕ್ಕದಲ್ಲಿ ಗುಳಿಗೆಯ ಡಬ್ಬಿ ಇತ್ತು. ಗಂಡ ಮುಂದೆ ಕುಳಿತು, "ನೀ ಹೇಳಿದ್ದು ಖರೆ ಇತ್ತು. ಕರೆಂಟ್ ಇತ್ತು. ಈಗ ಸರಿ ಮಾಡ್ಯಾರ, ನಡಿ ಮನಿಗೆ" ಅಂದರು.

"ಯಾರು ಮಾಡ್ಯಾರ?"

ಅವರು ನನ್ನ ಕಡೆ ಕೈ ತೋರಿಸಿದರು. ಅಕ್ಕ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ.

"ಆವತ್ತು ಇಲ್ಲ ಅಂದವ್ರೂ ಇವ್ರ ಅಲ್ಲೇನು?" ಅಂದರು. "ಈಗ ಸರಿ ಐತಿ ಅಂದ್ರ ಹೆಂಗ ನಂಬಲಿ?"

ತಪ್ಪಾಯಿತು ಎಂದು ನಾನು ಹೇಳಲಿಲ್ಲ. ಚಹಾ ಕುಡಿದು ಬಸ್ಸು ಹತ್ತಿದೆವು. ಅಕ್ಕ ಮತ್ತೆ ಹೊಸಪೇಟೆಗೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೂ ಮಣ್ಣು ಮಾಡಿ ತಿಂಗಳಾದ ಮೇಲೆ.

ಈಗ ಯಾರಾದರೂ ಒಮ್ಮೊಮ್ಮೆ ಶಾಕ್ ಹೊಡೆಯುತ್ತದೆ ಎಂದರೆ ಅವರು ಹೇಳಿದ ಹೊತ್ತಿಗೇ ಹೋಗುತ್ತೇನೆ. ಜನ ನನ್ನನ್ನು ಒಳ್ಳೆಯ ಕೆಲಸಗಾರ ಅನ್ನುತ್ತಾರೆ. ನಾನು ವೈರು ಸುತ್ತಿಕೊಂಡು ಹೊರಗೆ ಬರುತ್ತೇನೆ.