ಎರಡನೇ ಭಾಗ ಬಂದಾಗ ಮಾವನವರಿರಲಿಲ್ಲ

ಸತ್ತವರು ಎದ್ದು ಬಂದು ಬದುಕಿದವರನ್ನು ಅಟ್ಟಾಡಿಸುವ ಇಂಗ್ಲಿಷ್ ಸಿನೆಮಾ ಎಂದರೆ ನಮ್ಮ ಮಾವನವರಿಗೂ ನನಗೂ ಪ್ರಾಣ. ನೆಲೋಗಿಯಂಥ ಊರಲ್ಲಿ ಮಾವ-ಸೊಸೆ ಕೂಡಿ ಇಂಥದ್ದು ನೋಡುತ್ತಾರೆಂದು ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗಲಿ ಬಿಡಿ. ಅವರು ಮುಂದೆ ಕುರ್ಚಿಯಲ್ಲಿ, ನಾನು ಹಿಂದೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ. ಇಂಗ್ಲಿಷು ಇಬ್ಬರಿಗೂ ಬಾರದು, ಹಾಗಾಗಿ ಮಾತು ಅವರೇ ಕಟ್ಟುತ್ತಿದ್ದರು. ಹೆಣವೊಂದು ಬಾಗಿಲು ಬಡಿದರೆ, "ಯಾರದಾರ್ರಿ ಮನ್ಯಾಗ? ಒಂದು ರೊಟ್ಟಿ ಇದ್ರ ಕೊಡ್ರಿ" ಎನ್ನುತ್ತಿದ್ದರು. ನಾನು ಬೇಳೆ ಚೆಲ್ಲಿಕೊಂಡು ನಗುತ್ತಿದ್ದೆ.

ಒಂದು ಸಿನೆಮಾ ಬಾಗಿಲು ಮುರಿಯುವಲ್ಲಿಗೇ ಮುಗಿದುಹೋಯಿತು. ಒಳಗೆ ಬಂದೂಕು ಹಿಡಿದ ಒಬ್ಬಳೇ ಹುಡುಗಿ, ಹೊರಗೆ ಊರಿಗೂರೇ ಹೆಣ. ಮಾವನವರಿಗೆ ಸಿಟ್ಟು ಬಂತು. ಜೇವರ್ಗಿಯ ಕ್ಯಾಸೆಟ್ ಅಂಗಡಿಯವ, ಅದು ಪಟ್ಟಣದ ಹುಡುಗರು ಆಡುವ ವಿಡಿಯೋ ಗೇಮಿನಿಂದ ಮಾಡಿದ ಸಿನೆಮಾ, ಎರಡನೇ ಭಾಗವೂ ಬರುತ್ತದೆ ಅಂದನಂತೆ.

"ಬಂದ ಕೂಡ್ಲೇ ಬಸ್ಸಿನಾಗ ಕಳಸು ಅಂತ ಹೇಳಿ ಬಂದೇನಿ," ಎಂದರು ಮಾವನವರು. "ಆ ಹುಡುಗಿ ಉಳೀತಾಳೋ ಇಲ್ಲೋ, ನೋಡೇ ಬಿಡೂಣು."

ಅಂಗಡಿಯವ ಮಾತು ತಪ್ಪಲಿಲ್ಲ. ಆದರೆ ಕಂಡಕ್ಟರ್ ಕ್ಯಾಸೆಟ್ ತಂದುಕೊಟ್ಟಾಗ ಮಾವನವರನ್ನು ಹೊಲದಲ್ಲಿ ಮಣ್ಣು ಮಾಡಿ ತಿಂಗಳೂ ಆಗಿರಲಿಲ್ಲ.

ವಾಪಸು ಕಳಿಸಬೇಕಿತ್ತು. ಲಿಂಗವಂತರಿಗೆ ಸೂತಕವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇಕಾದಾಗ ಧರ್ಮ ಹೇಗೆ ನೆನಪಾಗುತ್ತದೆ ನೋಡಿ. ಗಂಡ ಹೊಲಕ್ಕೆ ಹೋಗಿದ್ದರು, ಅತ್ತೆ ಹಿತ್ತಲಲ್ಲಿದ್ದರು. ಮಧ್ಯಾಹ್ನ ಕದ ಮುಂದೆ ಮಾಡಿ, ಸಪ್ಪಳ ಸಣ್ಣದು ಮಾಡಿ ಹಚ್ಚಿದೆ. ಮೊದಮೊದಲು ಖಾಲಿ ಕುರ್ಚಿಯ ಕಡೆ ನೋಡಲಾಗಲಿಲ್ಲ. ಆಮೇಲೆ ಕುರ್ಚಿ ಮರೆತೇಹೋಯಿತು. ಆ ಹುಡುಗಿ ಲಾರಿ ಏರಿ ಹೆಣಗಳ ಹಿಂಡಿನೊಳಗೆ ನುಗ್ಗಿಸಿದಾಗ ಚಪ್ಪಾಳೆ ಹೊಡೆದುಬಿಟ್ಟೆ. ತಿರುಗಿದರೆ ಬಾಗಿಲಲ್ಲಿ ಅತ್ತೆ.

ಭೂಮಿ ಬಾಯಿಬಿಡಬಾರದೇ ಅನಿಸಿತು. ಬಂದ್ ಮಾಡಲು ಎದ್ದೆ.

"ಇರ್ಲಿ ಬೇ," ಎಂದು ಅತ್ತೆ ನನ್ನ ಪಕ್ಕ ಕೂತರು. ಸ್ವಲ್ಪ ಹೊತ್ತು ನೋಡಿ, "ಇವು ಯಾಕ ಎದ್ದಾವ?" ಎಂದು ಕೇಳಿದರು.

"ಗೊತ್ತಿಲ್ರಿ ಅತ್ತಿ."

"ಮಲಗಿಸಿ ಹುಗದಾರ. ನಿದ್ದಿ ಆದ ಮ್ಯಾಲ ಏಳಬೇಕಲ್ಲ. ನಮ್ಮವರನ್ನ ಕುಂದ್ರಿಸೇವಿ, ಕೈಯಾಗ ಲಿಂಗ ಕೊಟ್ಟೇವಿ. ಅವರು ಏಳಂಗಿಲ್ಲ."

ಕೊನೆಯ ಮಾತಿಗೆ ಅವರ ದನಿ ಇಳಿಯಿತು. ಅವರ ಸಂಕಟ ಪಕ್ಕದಲ್ಲೇ ಕೂತಿತ್ತು, ಆದರೂ ನನ್ನ ಕಣ್ಣು ಟಿವಿ ಬಿಟ್ಟು ಕದಲಲಿಲ್ಲ. ಅದೂ ನಿಜ.

ಸೋಮವಾರ ಇಬ್ಬರೂ ಹೊಲದಲ್ಲಿರುವ ಮಾವನವರ ಗದ್ದುಗೆಗೆ ಹೋದೆವು. ಅತ್ತೆ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಮಣ್ಣಿನ ಮೇಲೆ ಕೈಯಿಟ್ಟು ಕೂತರು. ನಾನು ಊದಿನಕಡ್ಡಿ ಹಚ್ಚಿ ಹೊರಡಲು ಎದ್ದೆ.

"ಎಲ್ಲಿ ಹೊಂಟಿ? ಆ ಹುಡುಗಿ ಏನಾದಳು ಅಂತ ಹೇಳು," ಎಂದರು ಅತ್ತೆ. "ಕುಂತು ಕೇಳಾಕತ್ತಾರ."

ಹೇಳತೊಡಗಿದೆ. ಬಾಗಿಲು ಮುರಿದದ್ದು, ಹುಡುಗಿ ಮಾಳಿಗೆ ಹತ್ತಿದ್ದು, ಲಾರಿ ಸಿಕ್ಕಿದ್ದು. ಅಲ್ಲಿಂದ ಮುಂದಿನದಕ್ಕೆ ಹಾರಿದೆ.

"ಚಪ್ಪಾಳಿ ಹೊಡದದ್ದೂ ಹೇಳು."

ತಲೆ ತಗ್ಗಿಸಿ ಅದನ್ನೂ ಹೇಳಿದೆ. ಹೇಳುವಾಗಲೇ, ಲಾರಿಯಡಿ ಸಿಕ್ಕ ಹೆಣಗಳ ಬಾಯಲ್ಲಿ ಮಾವನವರು ಏನು ಮಾತು ಹಾಕುತ್ತಿದ್ದರು ಎಂಬುದು ಹೊಳೆದು ನಗು ಬಂದುಬಿಟ್ಟಿತು. ಗದ್ದುಗೆಯ ಮುಂದೆ, ಅತ್ತೆಯ ಎದುರಿಗೆ. ತಡೆಯಲು ನೋಡಿದಷ್ಟೂ ಬಂತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಮುಂದ?" ಎಂದರು.