ಕಂಬದ ತುದಿಯ ಆಂಟೆನಾ

ಶಾರ್ಜಾ ಬಿಟ್ಟು ಮೊಗ್ರಾಲಿಗೆ ಬಂದು ನೆಲೆಸಿದಾಗ ನನ್ನ ಕೈಯಲ್ಲಿದ್ದ ವಿದ್ಯೆ ಒಂದೇ: ಕಟ್ಟಡಗಳ ಮೇಲೆ ಟಿವಿ ಡಿಶ್ ಕೂರಿಸುವುದು. ಹಾಗಾಗಿ ಹೆಂಡತಿಯ ಅಣ್ಣ ತನ್ನ ಮೀನಿನ ಬೋಟಿಗೆ ಜಿಪಿಎಸ್ ತಂದಾಗ, ಬೇರೆ ಯಾರನ್ನೂ ಕರೆಯಬೇಡಿ ಎಂದು ನಾನೇ ಮುಂದೆ ಬಿದ್ದೆ. ಪೆಟ್ಟಿಗೆಯಲ್ಲಿ ಒಂದು ಪುಸ್ತಿಕೆ ಇತ್ತು. ಅದನ್ನು ತೆರೆಯುವುದು ನನ್ನ ಅನುಭವಕ್ಕೆ ಅವಮಾನ ಅನಿಸಿತು.

ಬೋಟಿನ ಕಂಬ ನೋಡಿದ್ದೇ ನನಗೆ ಹುರುಪು ಬಂತು. ನೀರು ಅಲುಗದೆ ಮಲಗಿದ್ದ ಅಳಿವೆಯೊಳಗೆ, ದಡಕ್ಕೆ ಕಟ್ಟಿದ್ದ ಬೋಟಿನಲ್ಲಿ, ಹಗ್ಗ ಹಿಡಿದು ತುದಿಯವರೆಗೂ ಹತ್ತಿದೆ.

"ಅಷ್ಟು ಮೇಲೆ ಎಂತಕ್ಕೆ ಮಾರಾಯ?" ಭಾವ ಕೆಳಗಿನಿಂದ ಕೂಗಿದರು.

"ಎತ್ತರ ಹೋದಷ್ಟೂ ಉಪಗ್ರಹ ಹತ್ತಿರ!" ಎಂದೆ. ಆಕಾಶಕ್ಕೆ ಇನ್ನೆಷ್ಟು ದೂರ ಉಂಟು ಎಂದು ಅವರು ಕೇಳಲಿಲ್ಲ, ನನ್ನ ಪುಣ್ಯ.

ಜಿಪಿಎಸ್‌ನ ಅಣಬೆಯಂಥ ಬಿಳಿ ಆಂಟೆನಾವನ್ನು ತುದಿಗೆ ಬಿಗಿದು ಇಳಿದೆ. ಪರದೆಯ ಮೇಲೆ ನಮ್ಮ ಬೋಟು ಕದಲದ ಚುಕ್ಕಿಯಾಗಿ ನಿಂತಿತು. ದಡದಲ್ಲಿ ನೋಡುತ್ತಿದ್ದ ನೆಂಟರೆಲ್ಲ ಹೊಗಳಿದರು. ಆ ಉಬ್ಬಿನಲ್ಲೇ, ಮೊದಲ ಪ್ರಯಾಣಕ್ಕೆ ನಾನೂ ಬರುತ್ತೇನೆ ಎಂದುಬಿಟ್ಟೆ.

ಕಡಲಿಗೆ ಹೊರಟ ಸ್ವಲ್ಪ ಹೊತ್ತಿಗೇ ಅಲೆ ಎದ್ದಿತು. ಭಾವ ಎಂಜಿನ್ ನಿಲ್ಲಿಸಿ ಲಂಗರು ಇಳಿಸಿದರು. ನಂತರ ಪರದೆ ನೋಡಿ ನನ್ನನ್ನು ಕರೆದರು.

"ಬೋಟು ನಿಂತಿದೆಯಲ್ಲ? ಇದು ಓಡ್ತಾ ಉಂಟು ಅಂತ ತೋರಿಸ್ತದೆ. ಈಗ ಕುಂಜತ್ತೂರಿನ ಕಡೆಗೆ, ಈಗ ವಾಪಸು. ಎಂತ ಇದು?"

"ಹೊಸತಲ್ವಾ ಭಾವ, ಉಪಗ್ರಹಕ್ಕೆ ನಮ್ಮ ಗುರುತು ಆಗಬೇಕು" ಎಂದೆ ಗಂಭೀರವಾಗಿ. ಮಾತು ಮುಗಿಯುವುದಕ್ಕೂ ಬೆಳಗ್ಗೆ ತಿಂದ ಪುಟ್ಟು-ಕಡಲೆ ಮೇಲೆ ಬರುವುದಕ್ಕೂ ಸರಿಹೋಯಿತು. ಬೋಟಿನ ಅಂಚು ಹಿಡಿದು ಎಲ್ಲವನ್ನೂ ಮೀನಿಗೆ ಅರ್ಪಿಸಿ, ಬಲೆಯ ರಾಶಿಯ ಮೇಲೆ ಅಂಗಾತ ಬಿದ್ದುಕೊಂಡೆ.

ಹಾಗೆ ಬಿದ್ದುಕೊಂಡಾಗಲೇ ಕಣ್ಣಿಗೆ ಬಿತ್ತು. ಬೋಟು ಒಂದಿಷ್ಟು ವಾಲಿದರೆ ಸಾಕು, ಕಂಬದ ತುದಿ ಮೋಡದಿಂದ ಮೋಡಕ್ಕೆ ಹಾರುತ್ತಿತ್ತು. ಆಂಟೆನಾ ನಿಜವಾಗಿಯೂ ಓಡುತ್ತಲೇ ಇತ್ತು; ಪಾಪ, ಅದನ್ನೇ ಪರದೆಗೆ ವರದಿ ಮಾಡುತ್ತಿತ್ತು. ಶಾರ್ಜಾದಲ್ಲಿ ನಾನು ಡಿಶ್ ಕೂರಿಸಿದ ಯಾವ ಕಟ್ಟಡವೂ ಹೀಗೆ ಓಲಾಡಿರಲಿಲ್ಲ.

"ಭಾವ, ತಪ್ಪು ಉಪಗ್ರಹದ್ದಲ್ಲ" ಎಂದೆ ಕ್ಷೀಣವಾಗಿ.

"ಹಾಗಾದ್ರೆ ಈಗಲೇ ಹತ್ತಿ ಇಳಿಸು."

ನಾನು ಕಣ್ಣು ಮುಚ್ಚಿ, ಪ್ರಜ್ಞೆ ತಪ್ಪಿದವನಂತೆ ಮಲಗಿದೆ. ಬೋಟಿನ ಆಳುಗಳೆಲ್ಲ ನಗುತ್ತಿದ್ದುದು ಕೇಳಿಸಿತು.

ದಡ ಸೇರಿದ ಮೇಲೆ ಪುಸ್ತಿಕೆ ತೆರೆದೆ. ಎತ್ತರ ಮುಖ್ಯವಲ್ಲ, ಸುತ್ತಲೂ ಆಕಾಶ ಕಂಡರೆ ಸಾಕು ಎಂದು ಮೊದಲ ಪುಟಗಳಲ್ಲೇ, ಚಿತ್ರ ಸಮೇತ ಬರೆದಿತ್ತು. ಆಂಟೆನಾವನ್ನು ಕಂಬದಿಂದ ಇಳಿಸಿ, ಕ್ಯಾಬಿನಿನ ಮಾಡಿನ, ಅಂದರೆ ಚಾವಣಿಯ ಮೇಲೆ, ವಯರ್‌ಲೆಸ್‌ನ ಆಂಟೆನಾ ಕೋಲಿನಿಂದ ದೂರಕ್ಕೆ ಗಿಡ್ಡ ಪೈಪು ನೆಟ್ಟು ಕೂರಿಸಿದೆ. ಮುಂದಿನ ಸಲ ಕಡಲಿನಲ್ಲೂ ಚುಕ್ಕಿ ಅಲ್ಲಾಡದೆ ನಿಂತಿತಂತೆ. ನಾನು ಹೋಗಿರಲಿಲ್ಲ.

ಸ್ವಲ್ಪ ದಿನದ ಮೇಲೆ ಭಾವನ ಫೋನ್ ಬಂತು. "ಸಿಗ್ನಲೇ ಇಲ್ಲ ಮಾರಾಯ!" ಮಾಡು ಹತ್ತಿ ನೋಡಲು ಹೇಳಿದೆ. ಆಚೆಯಿಂದ ಒಮ್ಮೆಗೇ ನಗು ಕೇಳಿಸಿತು. ಬೋಟಿನಲ್ಲಿ ಅಡುಗೆ ಮಾಡುವವನು ಗಂಜಿಯ ಅಲ್ಯೂಮಿನಿಯಂ ಪಾತ್ರೆ ತೊಳೆದು, ನೀರು ಬಸಿಯಲೆಂದು ಆಂಟೆನಾದ ಮೇಲೆಯೇ ಬೋರಲು ಹಾಕಿದ್ದನಂತೆ.

ನನ್ನ ತಪ್ಪಲ್ಲದ ಆ ಒಂದು ಸಂಗತಿಯನ್ನು ನಾನು ನಾಯ್ಮಾರ್ಮೂಲೆಯ ಪೇಟೆಯವರೆಗೂ ಹೇಳಿಕೊಂಡು ತಿರುಗಿದೆ.