ಒಳಬಳೆಗೆ ಬಿದ್ದ ಏಟು

ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುರಣ್ಣ ಇಪ್ಪತ್ತು ವರ್ಷ, ಭಾಗಗಳನ್ನು ಒತ್ತಿ ಕೂರಿಸುವ ಪ್ರೆಸ್ಸಿನ ಮುಂದೆ ನಿಂತವನು. ಹೊಸಬರಿಗೆ ಒತ್ತುವ ವಿಷಯವನ್ನು ಒತ್ತಿ ಒತ್ತಿ ಹೇಳುತ್ತಿದ್ದ: ಬೆಲ್ಟು ಸುತ್ತುವ ಪುಲ್ಲಿಯೊಳಗೆ ಬೇರಿಂಗ್ ಕೂರಿಸುವಾಗ ಅದರ ಹೊರಬಳೆಯ ಮೇಲೇ ಒತ್ತಬೇಕು, ಒಳಬಳೆಯ ಮೇಲೆ ಒತ್ತಿದರೆ ಪೆಟ್ಟೆಲ್ಲ ನಡುವಿನ ಗುಂಡುಗಳಿಗೆ, ಆಮೇಲೆ ತಿರುಗುವಾಗಲೆಲ್ಲ ಗುರುಗುಟ್ಟುತ್ತದೆ. ಹಾಗೆ ಕಲಿತವರಲ್ಲಿ ಮುಕ್ತಾ ಒಬ್ಬಳು. ಈಗ ಆಕೆಯದೇ ಬೇರಿಂಗ್ ಅಂಗಡಿಯಿದೆ. ಗುರಣ್ಣನದು ಕೊಂಢವಾದಲ್ಲಿ ಗ್ಯಾರೇಜು.

ಶಿವಾಜಿನಗರ ಕೋರ್ಟಿನ ವಕೀಲೆ ಭಾಮಾಬಾಯಿಯವರ ಹಳೆಯ ಜರ್ಮನ್ ಕಾರಿಗೆ ಸೂಪರ್‌ಚಾರ್ಜರ್ ಇತ್ತು. ಇಂಜಿನ್ನಿಗೆ ಹೆಚ್ಚು ಗಾಳಿ ಊದುವ ಯಂತ್ರ ಅದು. ಅದರ ಕ್ಲಚ್ ಪುಲ್ಲಿಗೆ ಮುಕ್ತಾಳ ಅಂಗಡಿಯ ಹೊಸ ಬೇರಿಂಗನ್ನು ಗುರಣ್ಣ ಹಾಕಿಕೊಟ್ಟ ನಾಲ್ಕನೇ ದಿನ ಬಾಯಿಯವರು ಹಾಜರು.

“ಏನ್ರಿ ಗುರಣ್ಣ, ಬಾನೆಟ್ಟಿನ್ಯಾಗ ಹುಲಿ ಕಟ್ಟೀರೇನು? ಸಿಗ್ನಲ್ಲಿನ್ಯಾಗ ನಿಂತರ ಮಂದಿ ತಿರುಗಿ ನೋಡ್ತಾರ!”

ಆ ಗುರುಗುಟ್ಟುವಿಕೆ ಯಾರ ಪಾಪವೆಂದು ಗುರಣ್ಣನಿಗೆ ಕೇಳಿದ ಕೂಡಲೇ ಗೊತ್ತಾಯಿತು. ಆದರೂ ಬಾಯಿಯವರ ಬಾಯಿಗೆ ಹೆದರಿ ಅವನ ಬಾಯಿ ಜಾರಿತು: “ಮಾಲು ಡುಪ್ಲಿಕೇಟ್ ಇರಬೇಕ್ರಿ.”

ವಕೀಲರು ಅಲ್ಲಿಂದಲೇ ಮುಕ್ತಾಳಿಗೆ ಫೋನು ಹಚ್ಚಿದರು. ಆಕೆ ಬರುವಷ್ಟರಲ್ಲಿ ಗುರಣ್ಣ ಪುಲ್ಲಿ ಬಿಚ್ಚಿದ್ದ, ಬೆವೆತೂ ಇದ್ದ. ಒಳಬಳೆಯ ಮೇಲೆ ಪೈಪಿನ ಅಂಚಿನ ಗುರುತು ಅರ್ಧಚಂದ್ರದಂತೆ ಹೊಳೆಯುತ್ತಿತ್ತು. ಕಾರ್ಖಾನೆಯಲ್ಲಿ ಹೊರಬಳೆಯ ಅಳತೆಗೆ ಮಾಡಿದ ಬಟ್ಟಲಿನಂಥ ಸಾಧನ ಕೈಗೇ ಬರುತ್ತಿತ್ತು. ಇಲ್ಲಿ ಅವತ್ತಿನ ಗಡಿಬಿಡಿಯಲ್ಲಿ ಸಿಕ್ಕಿದ್ದು ಒಂದು ಪೈಪಿನ ತುಂಡು. ಅದು ಒಳಬಳೆಗೆ ಸರಿಯಾಗಿ ಕೂತಿತ್ತು. ಸುತ್ತಿಗೆಯ ನಾಲ್ಕೇ ಏಟಿಗೆ ಕೆಲಸ ಮುಗಿದಿತ್ತು.

ಮುಕ್ತಾ ಗುರುತನ್ನು ನೋಡಿದಳು. ಅವನನ್ನು ನೋಡಲಿಲ್ಲ.

“ಹೌದ್ರಿ ಬಾಯಾರ, ನಮ್ಮ ಮಾಲ ಖರಾಬ ಇತ್ತಂತ ಕಾಣ್ತದ. ಬ್ಯಾರೇದು ಕೊಡ್ತೀನ್ರಿ.”

“ಹಂಗಾರ ನಿನ್ನ ಅಂಗಡಿ ಹಣೇಬರಹ ನಮ್ಮ ವಕೀಲ ಮಂದಿಗೆಲ್ಲಾ ಹೇಳಬೇಕಾತು, ತಂಗಿ.”

ಮುಕ್ತಾ ಅದಕ್ಕೂ ತಲೆಯಾಡಿಸಿದಳು. ಆಕೆ ಬೈದಿದ್ದರೆ ಗುರಣ್ಣ ತಡೆದುಕೊಳ್ಳುತ್ತಿದ್ದ. ಕಿವಿಯ ತುದಿಯವರೆಗೂ ಬಿಸಿಯೇರಿ, ಬಾನೆಟ್ಟಿನಡಿ ತಲೆ ತೂರಿಸಿ, ಮೊದಲೇ ಬಿಗಿಯಿದ್ದ ನಟ್ಟೊಂದನ್ನು ಮತ್ತೆ ಬಿಗಿಮಾಡತೊಡಗಿದ.

“ಮಾಲು ಚಲೋನ ಅದರೀ,” ಎಂದ, ಇಂಜಿನ್ನಿಗೆ ಹೇಳುವವನಂತೆ. “ಕೆಟ್ಟಿದ್ದು ಕೂಡಸಿದ ಕೈ. ನಾ ಸುಳ್ಳು ಹೇಳಿದೆ.”

ಭಾಮಾಬಾಯಿ ಕನ್ನಡಕ ಕೆಳಗಿಳಿಸಿದರು. “ನಮ್ಮ ಕೋರ್ಟಿನ್ಯಾಗ ಇಷ್ಟು ಒಪ್ಪಕೊಳ್ಳಾಕ ಹನ್ನೆರಡು ವರ್ಷ ಹಿಡೀತದ.” ಆಮೇಲೆ ಸ್ಟೂಲು ಎಳೆದು ಕೂತರು. “ಈಗ ಕೂಡಸ್ರಿ. ನಮ್ಮಿಬ್ಬರ ಕಣ್ಣಮುಂದ.”

ಮುಕ್ತಾ ಚೀಲದಿಂದ ಹೊಸ ಬೇರಿಂಗ್ ತೆಗೆದಳು. “ಸರ, ಮೊದಲ ಚಹಾ ಕುಡೀರಿ.”

“ಬ್ಯಾಡವಾ. ನೀನ ಒತ್ತು. ನಾ ಪುಲ್ಲಿ ಹಿಡೀತೀನಿ.”

ಎರಡೂ ಕೈಯಿಂದ ಹಿಡಿದ. ಆಕೆ ಒತ್ತಿ ಮುಗಿಸುವವರೆಗೂ ತಲೆಯೆತ್ತಲಿಲ್ಲ.